ಹೊಗೆಕೋಣೆಯ ಬೊಂಬೆಯವರಿಗೆ ಒಂದು ಅರಿಕೆ

ಅಗ್ನಿಶಾಮಕ ನೇಮಕಾತಿ ಮಂಡಳಿಯ ದೈಹಿಕ ಪರೀಕ್ಷೆಯಲ್ಲಿ ಹೊಗೆಗೆ ಸಿಕ್ಕಿ ಪ್ರಜ್ಞೆ ತಪ್ಪಿದವರ ಪಾತ್ರವನ್ನು ಬಹುಕಾಲದಿಂದ ಒಂದು ದಿನವೂ ರಜೆ ಹಾಕದೆ ನಿರ್ವಹಿಸುತ್ತಿರುವ ಸನ್ಮಾನ್ಯ ಬೊಂಬೆಯವರ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವಾಗಿ, ಎಂದಿನಂತೆ ಅಂಗಾತ ಮಲಗಿರುವಿರೆಂದು ನಂಬಿ ಈ ಅರಿಕೆ. ಇದನ್ನು ಮಂಡಳಿಯ ಅಧ್ಯಕ್ಷರಿಗೇ ಬರೆಯಬಹುದಿತ್ತಲ್ಲ ಎಂದು ತಾವು ಕೇಳುವವರಲ್ಲ, ಆದರೂ ಹೇಳಿಬಿಡುತ್ತೇನೆ. ಅಧ್ಯಕ್ಷರು ಕಾರ್ಯದರ್ಶಿಗಳತ್ತ ಕೈ ತೋರಿಸಿದರು, ಕಾರ್ಯದರ್ಶಿಗಳು ಮುಖ್ಯ ಪರೀಕ್ಷಕರತ್ತ ತೋರಿಸಿದರು, ಮುಖ್ಯ ಪರೀಕ್ಷಕರು ನಿಯಮದತ್ತ ತೋರಿಸಿದರು. ನಿಯಮ ಕಪಾಟಿನಲ್ಲಿತ್ತು, ಕಪಾಟಿನ ಬೀಗದ ಕೈ ಇಟ್ಟುಕೊಂಡವರು ರಜೆಯಲ್ಲಿದ್ದರು. ಆ ಇಡೀ ಕಟ್ಟಡದಲ್ಲಿ ನನ್ನ ಸೊಸೆಯ ಕೆಲಸವನ್ನು ಮೈಯಾರೆ ಬಲ್ಲವರು ತಾವೊಬ್ಬರೇ. ಮಿಕ್ಕವರೊಡನೆ ಹೋಲಿಸಿದರೆ, ಹೇಳಿದ್ದನ್ನು ತಾವು ಕೊನೆಯವರೆಗೂ ಕೇಳಿಸಿಕೊಳ್ಳುತ್ತೀರಿ ಎಂಬ ಕೀರ್ತಿಯೂ ಇದೆ.

ಸೊಸೆಯ ನೆನಪು ತಮಗಿರಬೇಕು. ತಮ್ಮ ಕಂಕುಳಡಿ ಕೈ ಹಾಕಿ, ತಲೆಯನ್ನು ತನ್ನ ಎದೆಗೆ ಒರಗಿಸಿಕೊಂಡು, ಹೊಗೆಕೋಣೆಯಿಂದ ಅಂಗಳದವರೆಗೆ ಹಿಂದಕ್ಕೆ ಹಿಂದಕ್ಕೆ ಎಳೆದು ತಂದವಳು, ಎಳೆಯುತ್ತಲೇ ಮಾತಾಡಿದವಳು, ಅವಳೇ. ನದಿಯ ಆಚೆಯ ರಾಜ್ಯದಲ್ಲಿ ಹತ್ತು ವರ್ಷ ಅಗ್ನಿಶಾಮಕಿಯಾಗಿದ್ದಳು. ನನ್ನ ಮಗ ಲಿಫ್ಟ್ ರಿಪೇರಿಯವನು. ಈಚೆಯ ದೊಡ್ಡಾಸ್ಪತ್ರೆಯಲ್ಲಿ ಅವನಿಗೆ ಖಾಯಂ ಕೆಲಸ ಸಿಕ್ಕಾಗ ಸಂಸಾರ ಸಮೇತ ಸೇತುವೆ ದಾಟಿ ಬಂದರು. ನಿನ್ನ ಕೆಲಸ ಏನಾಗುತ್ತಮ್ಮ ಎಂದು ನಾನು ಕೇಳಿದ್ದಕ್ಕೆ, "ಬೆಂಕಿ ಅಲ್ಲೂ ಸುಡುತ್ತೆ, ಇಲ್ಲೂ ಸುಡುತ್ತೆ ಮಾವ, ಇನ್ನೇನು?" ಎಂದು ನಕ್ಕಳು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಗಾದೆ ಮಾಡಿದವರಿಗೆ ನಮ್ಮ ಮಂಡಳಿಯ ಪರಿಚಯವಿರಲಿಲ್ಲ.

ಇಲ್ಲಿಗೆ ಬಂದ ಮೇಲೆ ತಿಳಿಯಿತು, ಆಚೆಯ ಬೆಂಕಿಯೇ ಬೇರೆ, ಈಚೆಯ ಬೆಂಕಿಯೇ ಬೇರೆ. ಆಚೆ ಪಡೆದ ಪ್ರಮಾಣಪತ್ರ ಆಯುಷ್ಯವಿರುವವರೆಗೆ ಊರ್ಜಿತ, ಆದರೆ ಸೇತುವೆಯ ನಡುಗಂಬದವರೆಗೆ ಮಾತ್ರ. ಆಚೆ ಈಜು ಬರಬೇಕು, ಏಣಿ ಹತ್ತುವ ಪರೀಕ್ಷೆ ಕಡೆಗೆ. ಈಚೆ ಏಣಿ ಮೊದಲು, ಈಜು ಬಾರದಿದ್ದರೂ ಸರಿ, ಪ್ರಬಂಧ ಬರೆಯಬೇಕು. ಬಡಗಣದ ರಾಜ್ಯವೊಂದು ಆಚೆಯ ಪ್ರಮಾಣಪತ್ರವನ್ನು ಒಪ್ಪುತ್ತದೆ, ಆ ಬಡಗಣದ ಪ್ರಮಾಣಪತ್ರವನ್ನು ಈ ರಾಜ್ಯ ಒಪ್ಪುತ್ತದೆ. ಆದ್ದರಿಂದ ಸೊಸೆ ಬಡಗಣಕ್ಕೆ ಹೋಗಿ ಎರಡು ವರ್ಷ ವಾಸವಿದ್ದು, ಅಲ್ಲಿಂದ ಇಲ್ಲಿಗೆ ಹೊಸಬಳಾಗಿ ಬಂದರೆ ಯಾವ ಅಡ್ಡಿಯೂ ಇಲ್ಲವೆಂದು ಮಂಡಳಿಯ ಗುಮಾಸ್ತರು ಬಹಳ ಕಳಕಳಿಯಿಂದ ಸೂಚಿಸಿದರು. "ಸ್ವಲ್ಪ ಸುತ್ತು ಅಷ್ಟೇ ಅಮ್ಮಾ, ದಾರಿ ಮಾತ್ರ ನೇರ" ಎಂದರು. ಅಷ್ಟು ಸುತ್ತಿ ಬರುವಷ್ಟರಲ್ಲಿ ಅವಳ ವಯೋಮಿತಿ ಮೀರಿರುತ್ತದೆ. ಈ ಸಲದ ನೇಮಕಾತಿ ಕೈತಪ್ಪಿದರೆ ಅವಳು ಈ ಜನ್ಮದಲ್ಲಿ ಮತ್ತೆ ಆ ಹೆಲ್ಮೆಟ್ ಹಾಕುವ ಹಾಗಿಲ್ಲ. ಆದ್ದರಿಂದಲೇ ಹತ್ತು ವರ್ಷದ ಕೆಲಸಗಾರ್ತಿ ಮೀಸೆ ಚಿಗುರುವ ಹುಡುಗರ ಸಾಲಿನಲ್ಲಿ ನಿಂತು, ಮೊದಲಿನಿಂದ ಪರೀಕ್ಷೆಗೆ ಬಂದಳು.

ಇಲ್ಲಿ ಒಂದು ಹಳೆಯ ವಿಷಯ ನೆನಪಾಗುತ್ತದೆ, ಮನ್ನಿಸಬೇಕು. ನಾನು ಗ್ರಂಥಾಲಯದಲ್ಲಿ ಕೆಲಸಕ್ಕಿದ್ದ ಕಾಲದಲ್ಲಿ ಪಕ್ಕದ ಮರದ ಮಿಲ್ಲಿಗೆ ಬೆಂಕಿ ಬಿತ್ತು. ನಮ್ಮ ಠಾಣೆಯ ಗಾಡಿ ಚಾಲಕನಿಗಾಗಿ ಕಾಯುತ್ತಿತ್ತು. ಮೊದಲು ಬಂದದ್ದು ಸೇತುವೆಯ ಆಚೆಯ ಗಾಡಿ. ಅವರು ಗೋಡೆಗೆ ನೀರು ಹೊಡೆದು ಹೊಡೆದು ನಮ್ಮ ಪುಸ್ತಕಗಳನ್ನೆಲ್ಲ ಉಳಿಸಿಕೊಟ್ಟರು. ನಿಮ್ಮ ತರಬೇತಿ ಯಾವ ರಾಜ್ಯದ್ದೆಂದು ಆ ದಿನ ನಾವು ಯಾರೂ ವಿಚಾರಿಸಲಿಲ್ಲ. ಎಂಥ ಬೇಜವಾಬ್ದಾರಿ! ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂದು ಹಿಂದಿನವರನ್ನು ಹಂಗಿಸುತ್ತಾರೆ. ಈಗ ಆಡಳಿತ ಸುಧಾರಿಸಿದೆ, ಹಾರೆ ಎತ್ತಿದವನ ಪ್ರಮಾಣಪತ್ರ ಪರಿಶೀಲನೆಯಾಗುವವರೆಗೆ ಬಾವಿಯನ್ನೂ ತೋಡಗೊಡುವುದಿಲ್ಲ.

ಇನ್ನು ಪರೀಕ್ಷೆಯ ವಿಚಾರ. ಏಣಿ, ಹೋಸ್ ಪೈಪು, ಓಟ, ಪ್ರಬಂಧ ಎಲ್ಲದರಲ್ಲೂ ಸೊಸೆ ಮೊದಲಿಗಳು. ಕಡೆಯದು ತಮ್ಮನ್ನು ಉಳಿಸುವುದು. ಸಾಲಿನಲ್ಲಿದ್ದ ಹುಡುಗರು ತಮ್ಮನ್ನು ದೊಡ್ಡಪ್ಪ ಎಂದು ಕರೆಯುವುದನ್ನು ಅವಳು ಕೇಳಿಸಿಕೊಂಡಿದ್ದಳು. "ಉಂಡು ಮಲಗಿದ ದೊಡ್ಡಪ್ಪ ಕಣಕ್ಕಾ, ಎಬ್ಬಿಸೋಕಾಗಲ್ಲ, ಎಳೀಬೇಕು" ಎಂದಿದ್ದರಂತೆ. ಅವಳು ಹೊಗೆಯೊಳಗೆ ತೆವಳಿಕೊಂಡು ಬಂದು, ತಮ್ಮ ಭುಜ ಮುಟ್ಟಿ, ಮಾಸ್ಕಿನೊಳಗಿಂದಲೇ ಕೂಗಿ ಹೇಳಿದಳು: "ದೊಡ್ಡಪ್ಪಾ, ಹೆದರ್ಬೇಡಿ, ಬಂದಿದ್ದೀನಿ. ಕೈ ಬಿಡಲ್ಲ. ಇನ್ನೊಂದು ಸ್ವಲ್ಪ, ಬಾಗಿಲು ಬಂತು." ಆಚೆಯ ರಾಜ್ಯದಲ್ಲಿ ಅದು ರೂಢಿ, ಎಳೆಯುವವರು ಬಾಯಿ ಮುಚ್ಚಿದರೆ ಅಲ್ಲಿ ಅಂಕ ಕಳೆಯುತ್ತಾರೆ. ಇಲ್ಲಿ ಬಾಯಿ ತೆರೆದರೆ ಸಿಲಿಂಡರಿನ ಗಾಳಿ ವ್ಯರ್ಥವೆಂದು ಅನುತ್ತೀರ್ಣ. ಮುಖ್ಯ ಪರೀಕ್ಷಕರು ಸೀಟಿ ಊದಿದರು. ತಮ್ಮನ್ನು ಎಲ್ಲರಿಗಿಂತ ಬೇಗ ಹೊರತಂದವಳ ಹೆಸರಿನ ಮುಂದೆ "ಪರೀಕ್ಷಾ ಸಲಕರಣೆಯೊಂದಿಗೆ ಅನಗತ್ಯ ಸಂಭಾಷಣೆ" ಎಂದು ಷರಾ ಬರೆದರು. ತಮ್ಮನ್ನು ಸಲಕರಣೆ ಎಂದದ್ದು ನನಗೆ ಅವಳ ಸೋಲಿಗಿಂತ ಹೆಚ್ಚು ನೋವು ತಂದಿತೆಂದು ಹೇಳಿದರೆ ಮುಖಸ್ತುತಿಯಾದೀತು.

ಆಮೇಲಿನ ವಾರ ಸೊಸೆ ಮೇಲ್ಮನವಿ ಕೊಡಲು ನನ್ನೊಡನೆ ಮಂಡಳಿಯ ಕಚೇರಿಗೆ ಹೋಗಿ, ಬೆಂಚಿನ ಮೇಲೆ ಕುಳಿತಿದ್ದಳು. ಕಡತಗಳ ಕೋಣೆಯಲ್ಲಿ ಚಹಾ ಕಾಯಿಸುವ ಹೀಟರನ್ನು ಯಾರೋ ಆರಿಸದೆ ಬಿಟ್ಟಿದ್ದರು. ಬೆಂಕಿಗೆ ಬೇಕಾದ ಅರ್ಹತೆಗಳೆಲ್ಲ ಆ ಕಾಗದದ ರಾಶಿಯಲ್ಲಿದ್ದವು, ವಯೋಮಿತಿಯನ್ನು ಅದು ಲೆಕ್ಕಿಸಲೂ ಇಲ್ಲ. ಅಗ್ನಿಶಾಮಕ ನೇಮಕಾತಿ ಮಂಡಳಿಯ ಸಿಬ್ಬಂದಿ ಬಹಳ ಶಿಸ್ತಿನಿಂದ ಓಡಿದರು. ಸುತ್ತುದಾರಿ ತೋರಿಸಿದ್ದ ಅದೇ ಗುಮಾಸ್ತರು ಮಾತ್ರ ಒಳಗೆ ಉಳಿದರು. ಸೊಸೆ ಸೆರಗನ್ನು ಹೂಜಿಯ ನೀರಲ್ಲಿ ಅದ್ದಿ ಮೂಗಿಗೆ ಕಟ್ಟಿಕೊಂಡು, ನೆಲಕ್ಕೆ ಮೈಯೊತ್ತಿ ಒಳಗೆ ನುಗ್ಗಿದಳು. ಕಾರಿಡಾರಿನಲ್ಲಿ ನಿಂತ ನನಗೆ ಹೊಗೆಯಲ್ಲಿ ಏನೂ ಕಾಣಲಿಲ್ಲ. ಅವಳ ದನಿ ಮಾತ್ರ ಕೇಳುತ್ತಿತ್ತು. "ಅಣ್ಣಾ, ಹೆದರ್ಬೇಡಿ, ಬಂದಿದ್ದೀನಿ." ಆ ದನಿ ನಿಂತರೆ ಏನು ಮಾಡಲಿ, ಮಗನಿಗೆ ಏನೆಂದು ಹೇಳಲಿ ಎಂದು ನಾನು ಗೋಡೆ ಹಿಡಿದು ನಿಂತಿದ್ದೆ. ನಿಲ್ಲಲಿಲ್ಲ, ಹತ್ತಿರ ಹತ್ತಿರ ಬಂತು.

ಆಸ್ಪತ್ರೆಯಲ್ಲಿ ಗುಮಾಸ್ತರು ನನ್ನ ಕೈ ಹಿಡಿದುಕೊಂಡರು. "ಬಾಗಿಲು ಯಾವ ಕಡೆ ಅನ್ನೋದೇ ಮರ್ತುಹೋಗಿತ್ತು ಸಾರ್. ಕಪಾಟಿನ ಕಾಲು ತಬ್ಕೊಂಡು ಬಿಡದೆ ಕೂತಿದ್ದೆ. ಆಯಮ್ಮ ಮಾತಾಡಿದ್ದಕ್ಕೆ ಕೈ ಬಿಟ್ಟೆ, ಇಲ್ದಿದ್ರೆ ಕಪಾಟಿನ ಜೊತೆ ನಾನೂ ಹೋಗ್ತಿದ್ದೆ" ಎಂದರು. ಈ ಮಾತನ್ನು ಮುಖ್ಯ ಪರೀಕ್ಷಕರಿಗೆ ಮುಟ್ಟಿಸಿದೆ. ಅವರು ನ್ಯಾಯನಿಷ್ಠರು. "ಸಂತೋಷ ಸಾರ್, ಆದ್ರೆ ಅಂಕ ಕೊಡೋಕಾಗಲ್ಲ. ಮನುಷ್ಯ ಅಂದ್ರೆ ಒಬ್ಬ ದಪ್ಪ, ಒಬ್ಬ ಸಣ್ಣ. ಬೊಂಬೆ ಎಲ್ರಿಗೂ ಒಂದೇ" ಎಂದರು. ಬದುಕಿ ಉಳಿದ ಗುಮಾಸ್ತರು ಮಾನ್ಯತೆ ಪಡೆದ ಸಂತ್ರಸ್ತರಲ್ಲವಾದ ಕಾರಣ ಆ ರಕ್ಷಣೆ ನಡೆದೇ ಇಲ್ಲ. ನಡೆಯದ ರಕ್ಷಣೆಗಾಗಿ ಅಪ್ಪಣೆಯಿಲ್ಲದೆ ಕಡತ ಕೋಣೆ ಹೊಕ್ಕ ತಪ್ಪಿಗೆ ಸೊಸೆಗೆ ಎಚ್ಚರಿಕೆ ಬಂದಿದೆ, ಮತ್ತು ಮಂಡಳಿಯ ಔದಾರ್ಯದಿಂದ ಇನ್ನೊಂದು ಅವಕಾಶವೂ ಬಂದಿದೆ. ಬರುವ ಸೋಮವಾರ ಅವಳು ತಮ್ಮನ್ನು ಮತ್ತೆ ಎಳೆಯಲಿದ್ದಾಳೆ. ಅದೇ ಕಡೆಯದು.

ಬುದ್ಧಿವಂತ ಮಾವನಾಗಿ ನಾನು ಹೇಳಿ ನೋಡಿದೆ: ಒಂದು ದಿನದ ಮಟ್ಟಿಗೆ ಬಾಯಿ ಮುಚ್ಚಿಕೊಂಡು ಎಳೆದುಬಿಡಮ್ಮ, ಕೆಲಸ ಸಿಕ್ಕ ಮೇಲೆ ಎಷ್ಟು ಬೇಕಾದರೂ ಮಾತಾಡು. ಅವಳು ಬೂಟಿಗೆ ಪಾಲಿಶ್ ಹಚ್ಚುತ್ತಿದ್ದವಳು ತಲೆಯೆತ್ತಿದಳು. "ಮೂಟೆ ಎಳೆದ ಹಾಗೆ ಎಳೆಯೋದು ಒಂದ್ಸಲ ಕೈಗೆ ಹತ್ತಿಬಿಟ್ರೆ ಮಾವ, ಆಮೇಲೆ ಮನುಷ್ಯರನ್ನೂ ಹಾಗೇ ಎಳೀತೀನಿ" ಎಂದಳು. ನಾನು ಎದ್ದು ಹೋಗಿ ತಮಗೆ ಈ ಅರಿಕೆ ಬರೆಯಲು ಕುಳಿತೆ.

ಆದಕಾರಣ ತಮ್ಮಲ್ಲಿ ಪ್ರಾರ್ಥನೆ ಇಷ್ಟೇ. ಸೋಮವಾರ ಅವಳು "ದೊಡ್ಡಪ್ಪಾ" ಎಂದಾಗ, ದಯಮಾಡಿ ಒಂದು ಸಲ "ಹೂಂ" ಎನ್ನಿ. ಎದ್ದು ಕೂರುವುದು ಬೇಡ, ಸಾಕ್ಷಿ ಹೇಳುವುದೂ ಬೇಡ. ಕರೆದವರಿಗೆ ಓಗೊಡುವ ಒಬ್ಬರಾದರೂ ಆ ಮಂಡಳಿಯಲ್ಲಿದ್ದಾರೆಂದು ತಿಳಿದರೆ, ಫಲಿತಾಂಶ ಏನೇ ಬರಲಿ, ನಾವು ಸೇತುವೆಯ ಈಚೆ ಧೈರ್ಯವಾಗಿ ನಿದ್ದೆ ಮಾಡುತ್ತೇವೆ.

ತಮ್ಮ ಮೌನವನ್ನು ಬಹುವಾಗಿ ಗೌರವಿಸುವ,
ತಮ್ಮ ವಿಶ್ವಾಸಿ,
ಇನ್ನೂ ಸುಟ್ಟುಹೋಗದ ಗ್ರಂಥಾಲಯದ ನಿವೃತ್ತ ಗ್ರಂಥಪಾಲಕ

ತಾ.ಕ.: ಒಂದು ಖಾಸಗಿ ಮಾತು. ತಮ್ಮ ಕಂಕುಳಿನ ಅಡ್ಡಹೊಲಿಗೆಯನ್ನು ಸೊಸೆ ಮುಟ್ಟಿದೊಡನೆ ಗುರುತಿಸಿದಳು. ಅವಳ ಹಳೆಯ ಠಾಣೆಯ ಎದುರಿಗಿರುವ ಹೊಲಿಗೆ ಅಂಗಡಿಯವರು ಬಿಟ್ಟರೆ ಅಂಥ ಹೊಲಿಗೆ ಇನ್ನಾರೂ ಹಾಕುವುದಿಲ್ಲವಂತೆ. ಅಂದರೆ ತಾವೂ ಆಚೆಯವರೇ. ಯಾವ ಪ್ರಮಾಣಪತ್ರವೂ ಇಲ್ಲದೆ ಸೇತುವೆ ದಾಟಿ ಬಂದು ಇಲ್ಲಿ ಖಾಯಂ ಆಗಿದ್ದೀರಿ. ಇದನ್ನು ನಾನು ಮಂಡಳಿಗೆ ತಿಳಿಸುವುದಿಲ್ಲ. ತಿಳಿಸಿದರೆ ತಮ್ಮನ್ನೂ ಮೊದಲಿನಿಂದ ಪ್ರಜ್ಞೆ ತಪ್ಪಿಸಿ ಪರೀಕ್ಷಿಸಿಯಾರು. ಆದರೆ ತಾವು ಖಾಯಂ ಆದ ಗುಟ್ಟು ಏನೆಂದು ಸೊಸೆಗೆ ಒಂದು ಮಾತು ಹೇಳಿಕೊಡಬಹುದಿತ್ತು. ಬಾಯಿ ಮುಚ್ಚಿಕೊಂಡಿರುವುದೇ ಎಂದಾದರೆ, ಅದು ಅವಳಿಗೆ ಬರುವುದಿಲ್ಲ.