ಕೋವಿಗೆ ಎಷ್ಟು ಮದ್ದು

ದೊಡ್ಡವರು ಕರೆದರೆ ಬರುವುದಿಲ್ಲ ಎನ್ನುವ ಕಲೆ ನನಗೆ ಒಲಿಯಲೇ ಇಲ್ಲ. ನಾನು ಮಾತು ಕಲಿತದ್ದು ಅಜ್ಜಿ, ದೊಡ್ಡಮ್ಮಂದಿರ ನಡುವೆ. ಅಲ್ಲಿ ‘ಹೂಂ’ ಎನ್ನುವುದನ್ನು ಮೊದಲು ಕಲಿಸುತ್ತಿದ್ದರು. ‘ಊಹೂಂ’ ಪಾಠ ಬರುವ ಹೊತ್ತಿಗೆ ನನಗೆ ಮದುವೆಯಾಗಿತ್ತು, ಆಮೇಲೆ ಅದನ್ನು ಬಳಸುವ ಸಂದರ್ಭ ಬರಲಿಲ್ಲ. ಈ ಗುಣದಿಂದಾಗಿ ಗಂಟೆಗಟ್ಟಲೆ ದೂರದ ಪ್ರಾಸ್ಪರ್ ಊರಿನವರೆಗೂ ಡ್ರೈವ್ ಮಾಡಿಕೊಂಡು ಹೋಗಿ, ಒಂದೇ ನಕ್ಷೆಯ ಎಷ್ಟೋ ಹೊಸ ಮನೆಗಳನ್ನು ಬೇರೆ ಬೇರೆ ಎಂಬಂತೆ ಮೆಚ್ಚಿ, ಗೃಹಪ್ರವೇಶದ ಹೋಳಿಗೆ ತಿಂದು ಬಂದಿದ್ದೇನೆ. ಜಿಂಕೆ ಬೇಟೆಗೂ ಹೋಗಬೇಕಾದೀತೆಂದು ಮಾತ್ರ ಎಣಿಸಿರಲಿಲ್ಲ.

ಕರೆದವರು ಹೂಸ್ಟನ್ನಿನ ಡಾಕ್ಟರ್ ದೇಸಾಯಿ ಅಂಕಲ್. ಧಾರವಾಡದ ಕಡೆಯವರು, ರಿಟೈರ್ ಆದ ಮೇಲೆ ಊರಾಚೆ ಒಂದಿಷ್ಟು ಕಾಡುಜಾಗ ಕೊಂಡು, ಮೂತಿಯಿಂದ ಮದ್ದು ತುಂಬುವ ಹಳೇ ಮಾದರಿಯ ಎರಡು ಕೋವಿಗಳನ್ನು ಇಟ್ಟುಕೊಂಡವರು. ನಮ್ಮ ಮಗಳು ಹುಟ್ಟಿದಾಗ ಮಳೆಯಲ್ಲಿ ಸೀಡರ್ ಪಾರ್ಕ್ ಊರಿನ ನಮ್ಮ ಮನೆಗೆ ಬಂದು ಎರಡು ದಿನ ನಮ್ಮ ಜೊತೆ ಇದ್ದವರು. ಅಂಥವರು ಒಂದು ಕೋವಿಯನ್ನು ನನ್ನ ಕೈಗಿಟ್ಟು, “ಈ ಸಲ ನನ್ನ ಜೋಡಿ ನೀ ಬಾ. ಅದಕ್ಕ ಎಷ್ಟು ಮದ್ದು ಹಿಡಿಸ್ತದ ಅಂತ ಮೊದಲ ನೋಡ್ಕೊಂಡು ಬಾ” ಎಂದರೆ ಏನು ಹೇಳುವುದು? ಹೂಂ ಎಂದೆ. ಮಗಳು, “ಡ್ಯಾಡ್, ಯು ಕುಡ್ ಜಸ್ಟ್ ಸೇ ನೋ” ಎಂದಳು. ಅವಳು ಇಲ್ಲಿ ಹುಟ್ಟಿದವಳು.

ಹೆಂಡತಿ ಸರಳಾ ಕೂಗಾಡಲಿಲ್ಲ. ಸೊಪ್ಪು ಬಿಡಿಸುತ್ತಲೇ ತೀರ್ಪು ಕೊಟ್ಟಳು. “ಹೊಡೆದು ಬಂದ್ರೆ ಸ್ನಾನ ಮಾಡಿ ಒಳಗೆ ಬನ್ನಿ. ಅರ್ಧಂಬರ್ಧ ಹೊಡೆದು, ಆ ಪ್ರಾಣಿ ಎಲ್ಲೋ ಬಿದ್ದು ನರಳೋ ಹಾಗೆ ಮಾಡಿ ಬಂದ್ರೆ ಮಾತ್ರ ಈ ಮನೇಲಿ ನಿಮಗೆ ಅನ್ನ ಇಲ್ಲ.”

ಅಲ್ಲಿಗೆ ಮದ್ದಿನ ಅಳತೆ ನನ್ನ ಅನ್ನದ ಪ್ರಶ್ನೆಯಾಯಿತು. ಕಡಿಮೆ ಹಾಕಿದರೆ ಗುಂಡಿಗೆ ಕಸುವಿಲ್ಲ, ಜಿಂಕೆ ನರಳುತ್ತದೆ. ಇರಲಿ ಎಂದು ಇನ್ನೊಂದಿಷ್ಟು ಸುರಿದರೆ ಕೋವಿ ಭುಜಕ್ಕೆ ಒದೆಯುತ್ತದೆ, ಗುಂಡು ಎಲ್ಲೆಲ್ಲಿಗೋ ಹೋಗುತ್ತದೆ, ಆಗಲೂ ಜಿಂಕೆ ನರಳುತ್ತದೆ. ಅಂಕಲ್ಲಿಗೆ ಫೋನ್ ಮಾಡಿದರೆ, “ಡೋಸ್ ಕಮ್ಮಿ ಆದ್ರ ರೋಗ ಹೋಗಂಗಿಲ್ಲ, ಜಾಸ್ತಿ ಆದ್ರ ರೋಗಿ ಹೋಗ್ತಾನ, ಅಷ್ಟ” ಎಂದು ಇಟ್ಟುಬಿಟ್ಟರು. ಮದ್ದು ಮಾರುವ ಅಂಗಡಿಯವನು ಮಾತ್ರ ಬಾಯಿ ಬಿಟ್ಟು ಹೇಳಿದ: ಕೋವಿ ಮಾಡಿದವರ ಪುಸ್ತಕದಲ್ಲಿರುವ ಕನಿಷ್ಠದಿಂದ ಶುರು ಮಾಡು, ಅವರು ಹೇಳಿದ ಗರಿಷ್ಠ ದಾಟಬೇಡ, ನಡುವೆ ಚೂರು ಚೂರೇ ಏರಿಸುತ್ತ ಹೋಗು, ಯಾವ ಅಳತೆಗೆ ಕಾಗದದ ಮೇಲೆ ತೂತುಗಳು ಒಂದರ ಪಕ್ಕ ಒಂದು ಕೂರುತ್ತವೋ ಅದೇ ನಿನ್ನ ಕೋವಿಯ ಅಳತೆ.

ಆಸ್ಟಿನ್ನಿನ ಹೊರಗಿನ ಗುಂಡು ಹೊಡೆಯುವ ಮೈದಾನದಲ್ಲಿ ಶನಿವಾರಗಳು ಕಳೆದವು. ಮದ್ದು ಅಳೆ, ಸುರಿ, ಗುಂಡನ್ನು ಕೋಲಿನಿಂದ ದೂಡು, ಕಿಡಿ ಹತ್ತಿಸುವ ಕೇಪು ಇಡು, ಹೊಡೆ, ನಳಿಗೆ ಒರೆಸು. ನನ್ನ ಬಟ್ಟೆಯೆಲ್ಲ ದೀಪಾವಳಿಯ ಮಾರನೇ ದಿನದ ಬೀದಿಯಂತೆ ನಾರುತ್ತಿತ್ತು. ಸರಳಾ ನನ್ನ ಭುಜಕ್ಕೆ ಮುಲಾಮು ಹಚ್ಚುತ್ತ, “ಜಿಂಕೆ ಇನ್ನೂ ಹಾಯಾಗಿದೆ, ನರಳ್ತಿರೋದು ನೀವೇ” ಎಂದಳು. ಕೊನೆಗೊಂದು ಶನಿವಾರ ತೂತುಗಳು ಪಂಕ್ತಿಯಲ್ಲಿ ಒತ್ತಿಕೊಂಡು ಕೂತ ನೆಂಟರಂತೆ ಒಟ್ಟಾದವು. ಆ ಕಾಗದವನ್ನು ಆಫೀಸಿನಲ್ಲೂ ತೋರಿಸಿದೆ. ಮದ್ದಿನ ವಿಷಯದಲ್ಲಿ ಯಾರು ಏನು ಕೇಳಿದರೂ, ಕೇಳದಿದ್ದರೂ, ಹೇಳುವ ಮಟ್ಟಕ್ಕೆ ಬಂದಿದ್ದೆ.

ಬೇಟೆಯ ದಿನ ಬೆಳಿಗ್ಗೆ ಅಂಕಲ್ ಮತ್ತು ನಾನು ಅವರ ಕಾಡಿನಲ್ಲಿ ಒಂದು ಮರದ ಬುಡ ಸೇರಿದೆವು. ಚಳಿಗೆ ಅವರ ಕನ್ನಡಕ ಮಂಜಾಗಿ ಅಳತೆ ಕೊಳವೆಯ ಗೆರೆ ಕಾಣಿಸುತ್ತಿರಲಿಲ್ಲ. ಎರಡೂ ಒಂದೇ ತಯಾರಿಕೆಯ ಕೋವಿಗಳು, ಇಬ್ಬರಿಗೂ ಒಂದೇ ಅಳತೆ. ನಾನು ಗಸಗಸೆಯಂಥ ಮದ್ದನ್ನು ಗೆರೆಗೆ ಸರಿಯಾಗಿ ಅಳೆದೆ. ಇನ್ನೇನು ನನ್ನ ಕೋವಿಗೆ ಸುರಿಯಬೇಕು, ಹಿರಿಯರು ಪಕ್ಕದಲ್ಲಿರುವಾಗ ಮೊದಲು ನಾನು ಬಡಿಸಿಕೊಳ್ಳುವುದೇ ಎನಿಸಿತು. “ಮೊದಲು ನೀವು ಅಂಕಲ್” ಎಂದು ಕೊಳವೆಯನ್ನು ಅವರ ಕೈಗೆ ಕೊಟ್ಟೆ. ಅವರು ತಮ್ಮದಕ್ಕೆ ಸುರಿದುಕೊಂಡು, ಮದ್ದಿನ ಡಬ್ಬಿ ನನ್ನತ್ತ ಚಾಚಿ, “ನಿನಗ?” ಎಂದರು. ಯಾರೇ ಏನೇ ಚಾಚಿದರೂ ನನ್ನ ಬಾಯಿಗೆ ಬರುವುದು ಒಂದೇ ಮಾತು.

“ಸಾಕು ಅಂಕಲ್, ಆಯ್ತು.”

ಆಮೇಲೆ ಬಹಳ ಶ್ರದ್ಧೆಯಿಂದ ಖಾಲಿ ನಳಿಗೆಗೆ ಗುಂಡು ದೂಡಿದೆ.

ಜಿಂಕೆ ಬಂತು. ಅಂಕಲ್ ಅದನ್ನು ನನಗೇ ಬಿಟ್ಟುಕೊಟ್ಟರು. ಗುರಿ ಹಿಡಿದು, ಅನ್ನವನ್ನು ನೆನೆದು, ಕೋವಿಯ ಕುದುರೆ ಎಳೆದೆ. ಕೇಪು ‘ಪಟ್’ ಎಂದಿತು, ಅಷ್ಟೇ. ಜಿಂಕೆ ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿ, ಅವಸರವಿಲ್ಲದೆ ಹೊರಟುಹೋಯಿತು. “ಮೂತಿ ಇಳಿಸಬ್ಯಾಡ, ತಡಿ, ತಡಾ ಮಾಡಿ ಹಾರಬಹುದು” ಎಂದು ಅಂಕಲ್ ಸ್ವಲ್ಪ ಹೊತ್ತು ಕಾಯಿಸಿದರು. ಆಮೇಲೆ ನಳಿಗೆಯೊಳಗೆ ಕೋಲು ಇಳಿಸಿ ಆಳ ನೋಡಿ, ನನ್ನ ಮುಖ ನೋಡಿದರು. “ತಮ್ಮಾ, ಇಷ್ಟು ಕಮ್ಮಿ ಡೋಸ್ ನಾನೂ ಯಾರಿಗೂ ಕೊಟ್ಟಿಲ್ಲ.”

ಆದರೂ ದೊಡ್ಡ ಮನುಷ್ಯರು. ನನ್ನ ಮಾನ ಉಳಿಸಲೆಂದು ತಾವೇ ಸರಳಾಗೆ ಫೋನ್ ಹಚ್ಚಿ, ನನಗೂ ಕೇಳುವಂತೆ ಸ್ಪೀಕರಿಗೆ ಹಾಕಿದರು. “ನೋಡವಾ, ಜಿಂಕಿ ಎದುರಿಗೇ ಬಂದಿತ್ತು. ನಿನ್ನ ಗಂಡ ಹೊಡೀಲಿಲ್ಲ, ಹಂಗ ಬಿಟ್ಟುಬಿಟ್ಟ. ಭಾಳ ಕರುಣೆ ಮನುಷ್ಯ.”

ಆ ಕಡೆ ಒಗ್ಗರಣೆಯ ಸದ್ದು ನಿಂತಿತು. ನಾನು ಆದಷ್ಟೂ ಕರುಣೆಯ ಮುಖ ಮಾಡಿಕೊಂಡೆ, ಫೋನಿನಲ್ಲಿ ಕಾಣುವುದಿಲ್ಲವೆಂದು ಗೊತ್ತಿದ್ದೂ.

“ಹೌದಾ ಅಂಕಲ್,” ಎಂದಳು ಸರಳಾ. “ಏನು ಹಾಕೋದು ಮರೆತ್ರು?”