ಕ್ಯಾರಿಯರ್ ಮೇಲೆ ಯಾರೂ ಇರಲಿಲ್ಲ

ಸೈಕಲ್ ಹೊಡೆಯುವವನಿಗೆ ಬೆನ್ನಿಗೆ ಕಣ್ಣಿರುವುದಿಲ್ಲ. ಮುಂದಿನ ತಗ್ಗು ಕಾಣುತ್ತದೆ. ಹಿಂದೆ ಕುಂತವರು ಏನು ಮಾಡಾಕತ್ತಾರೆ ಅನ್ನುವುದು ಕಾಣುವುದಿಲ್ಲ. ಅದಕ್ಕೇ ನನಗೆ ಈಗ ಹೇಳುವಂಥವು ಆಗುತ್ತಲೇ ಬಂದಿವೆ.

ನಾನು ಹೆಚ್ಚು ಸಾಲಿ ಕಲಿತವನಲ್ಲ. ಕಾಲುವೆಯ ಗೇಟು ನೋಡಿಕೊಳ್ಳುವುದು ನನ್ನ ಕೆಲಸ. ಬಾಗೇವಾಡಿ ತಾಲೂಕು ಮುಗಿದು ಮುದ್ದೇಬಿಹಾಳ ತಾಲೂಕು ಹತ್ತುವ ಕಡೆ ನಮ್ಮ ಊರು. ಊರಿಂದ ಗೇಟಿಗೆ ಒಂದು ಗರಸು ಮಣ್ಣು ಹಾಕಿದ ರಸ್ತೆ. ಒಂದು ಮಗ್ಗಲು ಕಾಲುವೆ. ಇನ್ನೊಂದು ಮಗ್ಗಲು ನದಿಯ ಹಿನ್ನೀರು ನಿಂತು ಜವಳಾದ ನೆಲ. ಅಲ್ಲಿ ಆಪಿನ ಹುಲ್ಲು ಆಳೆತ್ತರ ಬೆಳೆದಿರುತ್ತದೆ. ಚಳಿಗಾಲಕ್ಕೆ ಎಲ್ಲಿಂದಲೋ ಹಕ್ಕಿ ಬಂದು ಇಳಿಯುತ್ತವೆ. ಬಸ್ಸು ಗೇಟಿನ ಹತ್ತಿರದ ಡಾಂಬರ ರಸ್ತೆಯ ತನಕ ಅಷ್ಟೇ. ಈ ದಾರಿಗೆ ಬಸ್ಸಿಲ್ಲ, ಟಂಟಂ ಇಲ್ಲ. ಗರಸಿನ ಮೇಲೆ ಟೈರು ಹೋಗುವ ಕರಕರ ಸಪ್ಪಳ ಒಂದೇ. ಕೆಲಸ ಇಲ್ಲದ ದಿನವೂ ನಾನು ಆ ರಸ್ತೆಗೆ ಹೋಗಿ ಬರುತ್ತೇನೆ. ನನ್ನ ಹೆಂಡತಿಯೂ ಬರುತ್ತಿದ್ದಳು, ಕ್ಯಾರಿಯರ್ ಮೇಲೆ.

ಆಕೆ ತೀರಿಕೊಂಡು ವರ್ಷವಾಗುತ್ತ ಬಂತು. ಅಂದಿನಿಂದ ಮೊನ್ನೆಯ ತನಕ ಆ ಕ್ಯಾರಿಯರ್ ಮೇಲೆ ಯಾರನ್ನೂ ಕೂಡಿಸಿಕೊಂಡಿರಲಿಲ್ಲ. ಬಸ್ಸಿಲ್ಲದ ದಾರಿಯಲ್ಲಿ ಇದು ಸಣ್ಣ ಮಾತಲ್ಲ. ಊರವರು ಸಿಟ್ಟಾಗಿದ್ದರು. ನಾನೂ ಬಿಟ್ಟುಕೊಡಲಿಲ್ಲ. ಆ ಕ್ಯಾರಿಯರಿನ ಐದು ಮಾತು ಇಲ್ಲಿ ಹೇಳುತ್ತೇನೆ.

ನಡೆದು ಬಂದವರು

ನಮ್ಮ ಊರಿನ ಬಾಯಿಗೆ ಹಣಮಪ್ಪನ ಗುಡಿ. ಗುಡಿಯ ಕಟ್ಟೆಯ ಮೇಲೆ ಹಿರಿಯರು ಕುಂತಿರುತ್ತಾರೆ. ಅವರ ಎದುರಿಗೆ ಹೆಣ್ಣುಮಗಳು ಗಂಡನ ಸೈಕಲ್ ಮೇಲೆ ಕುಂತು ಬರಬಾರದು. ಹಿಂದಿನಿಂದ ಬಂದ ಪದ್ಧತಿ. ಗುಡಿ ಇನ್ನೂ ಸ್ವಲ್ಪ ದೂರ ಇರುವಾಗಲೇ ನನ್ನ ಹೆಂಡತಿ ಇಳಿಯುತ್ತಿದ್ದಳು. ತಲೆ ಮೇಲೆ ಸೆರಗು ಹೊದ್ದು ನನ್ನ ಹಿಂದೆ ನಡೆಯುತ್ತಿದ್ದಳು. ನಾನು ಸೈಕಲ್ ನೂಕಿಕೊಂಡು ಮುಂದೆ.

ನಮ್ಮದು ಬಯಲು ನಾಡು. ನಡುವೆ ಒಂದು ಗಿಡ ಇಲ್ಲ. ನಾವು ಸೈಕಲ್ ಮೇಲೆ ಬರುವುದು ದೂರದಿಂದಲೇ ಕಟ್ಟೆಗೆ ಕಾಣುತ್ತದೆ. ಆದರೂ ಕಟ್ಟೆಯ ಮೇಲಿನ ಒಬ್ಬ ಹಿರಿಯರು ದಿನಾ ಕೇಳುವರು, "ಏನವಾ, ನಡಕೊಂತ ಬಂದ್ಯಾ?"

"ಹೌದ್ರಿ ಮಾವಾರ," ಅನ್ನುವಳು ಈಕೆ.

ಅವರು ಕೇಳುವುದು, ಈಕೆ ಹೇಳುವುದು. ವರ್ಷಗಟ್ಟಲೆ ನಡೆಯಿತು.

ಒಂದು ದಿನ ಗೇಟಿನ ಹತ್ತಿರವೇ ಟೈರು ಪಂಕ್ಚರ್ ಆಯಿತು. ಬಿಸಿಲಿನಲ್ಲಿ ಇಬ್ಬರೂ ಪೂರಾ ದಾರಿ ನಡೆದೆವು. ಆಕೆಯ ಚಪ್ಪಲಿ ಉಂಗುಟ ಬೇರೆ ಹರಿಯಿತು. ಗುಡಿ ಮುಟ್ಟಿದಾಗ ಆಕೆ ಒಂದು ಹುರುಪಿನಲ್ಲಿದ್ದಳು. ಇವತ್ತು ಮಾವ ಕೇಳಲಿ, ಖರೇ ಹೇಳುತ್ತೇನೆ ಅಂತ.

ಹಿರಿಯರು ನಮ್ಮನ್ನು ನೋಡಿದರು. ನನಗೆ ಗದರಿದರು.

"ಯಾಕೋ, ಇವತ್ತ ಜಗಳ ಆಡೀರೇನು? ಆಕಿನ ಸೈಕಲ್ ಮ್ಯಾಲ ಯಾಕ ಕುಂದ್ರಿಸಿಕೊಂಡಿಲ್ಲ?"

ಗೇರಿನ ಸೈಕಲ್

ಇಂಡಿ ತಾಲೂಕಿನಿಂದ ವರ್ಗ ಆಗಿ ಬಂದ ಒಬ್ಬ ಬ್ಯಾಂಕಿನ ಸಾಹೇಬರು ಇದ್ದರು. ರವಿವಾರ ಆಯಿತೆಂದರೆ ಹಕ್ಕಿ ನೋಡಲು ನಮ್ಮ ರಸ್ತೆಗೆ ಬರುವರು. ಗೇರಿನ ಸೈಕಲ್. ದಪ್ಪ ಟೈರು. ತಲೆಗೆ ಟೋಪಿ, ಕೊರಳಲ್ಲಿ ದುರ್ಬೀನು. ಗರಸಿನ ಮೇಲೆ ನನ್ನ ಸೈಕಲ್ ಎಲುಬು ಅಲುಗಾಡಿಸುತ್ತದೆ. ಅವರದು ಎತ್ತಿನಂತೆ ಹೋಗುತ್ತಿತ್ತು. ನಾನು ಮೆಚ್ಚಿದೆ.

ಹೆಂಡತಿ ಮೆಚ್ಚಲಿಲ್ಲ. ಆ ಸೈಕಲ್ಲಿನ ಸುತ್ತ ಒಂದು ಸುತ್ತು ಹಾಕಿದಳು. ಹಿಂದೆ ಬಂದು ನಿಂತಳು.

"ಸಾಹೇಬ್ರ, ನಿಮಗ ಲಗ್ನ ಆಗೇತೇನ್ರಿ?"

"ಆಗೇತಿ ಅವ್ವಾ. ಎರಡು ಮಕ್ಕಳು."

"ಮತ್ತ ಇದಕ್ಕ ಕ್ಯಾರಿಯರ್ ಇಲ್ಲಲ್ರಿ. ಮನಿಯಾಗಿನ ಬಾಯಾರು ಎಲ್ಲಿ ಕುಂದರ್ತಾರ?"

ಸಾಹೇಬರು ದುರ್ಬೀನು ಎತ್ತಿ ಆಪಿನ ಕಡೆ ನೋಡಿದರು.

"ಈ ಸೈಕಲ್ ಆರಿಸಿದಾಕಿನೇ ಆಕಿ ಅವ್ವಾ," ಅಂದರು. "ಹಕ್ಕಿ ನೋಡಾಕ ಹೋಗು, ಸಂಜಿ ತನಕ ಬರಬ್ಯಾಡ ಅಂತ ಕೊಡಿಸ್ಯಾಳ."

ಎದುರಾಡದ ಹೆಂಡತಿ

ರಸ್ತೆಯ ನಡುವೆ ಒಂದು ತಗ್ಗು. ಕಾಲುವೆಯ ನೀರು ಅಲ್ಲಿ ಸೋರಿ ಜವಳು ನೆಲಕ್ಕೆ ಹೋಗುತ್ತದೆ. ಆ ಕೆಸರಿನಲ್ಲಿ ಸೈಕಲ್ ನಡಿಗೆಯಷ್ಟೇ ನಿಧಾನ ಆಗುತ್ತದೆ. ತಗ್ಗಿನ ದಂಡೆಗೆ ಹೊನಗೊನ್ನಿ ಪಲ್ಯ ಹುಲುಸಾಗಿ ಬೆಳೆದಿರುತ್ತದೆ.

ಆ ದಿನ ನಾನು ಆಕೆಯ ಅಣ್ಣನ ಮೇಲೆ ಸಿಟ್ಟಾಗಿದ್ದೆ. ನಮ್ಮ ಮಗಳನ್ನು ಕನ್ನೊಳ್ಳಿಗೆ ಕೊಟ್ಟ ಹೊತ್ತಿನ ಮಾತು. ಮದುವೆಯಲ್ಲಿ ಅವನು ಹೋಳಿಗೆ ತಣ್ಣಗಿದೆ ಅಂದಿದ್ದ. ಅದನ್ನು ನಾನು ಸೈಕಲ್ ಹೊಡೆಯುತ್ತ ಹೇಳುತ್ತ ಹೋದೆ. ಅವನ ಮಾತು, ಅವನ ಮೀಸೆ, ಅವನು ಉಣ್ಣುವ ರೀತಿ, ಯಾವುದನ್ನೂ ಬಿಡಲಿಲ್ಲ. ಆಕೆ ಸುಮ್ಮನೆ ಕೇಳುತ್ತಿದ್ದಳು. ನನಗೆ ಬಹಳ ಸಮಾಧಾನ ಆಯಿತು.

ಎದುರಿಗೆ ಕುರಿ ಬಂದವು. ಕುರಿ ಕಾಯುವವನು ನಿಂತು ನನ್ನನ್ನೇ ನೋಡಿದ.

"ಕಾಕಾ, ಯಾರ ಜೋಡಿ ಮಾತಾಡಾಕತ್ತಿ?"

"ನಿಮ್ಮ ಕಾಕಿ ಜೋಡಿ."

"ಕಾಕಿ ಎಲ್ಲ್ಯದಾಳ?"

ಹಿಂದೆ ಕೈ ಆಡಿಸಿದೆ. ಕ್ಯಾರಿಯರ್ ಮೇಲೆ ಯಾರೂ ಇರಲಿಲ್ಲ.

ಎರಡು ಮೈಲಿ ತಿರುಗಿ ಹೋದೆ. ಎಲ್ಲಿ ಬಿದ್ದಾಳೋ, ಕಾಲುವೆಗೆ ಹೋದಾಳೋ ಅಂತ ಕಾಲುವೆಯ ದಂಡೆ ಹುಡುಕುತ್ತ ಬಂದೆ. ಆಕೆ ತಗ್ಗಿನಲ್ಲಿ ಕುಂತಿದ್ದಳು. ಉಡಿ ತುಂಬ ಹೊನಗೊನ್ನಿ.

"ಇಳಿಯೋ ಮುಂದ ಹೇಳಬಾರದೇನು?"

"ಹೇಳಿದ್ನಿ. ನಿಮ್ಮ ಬಾಯಿ ನಡದಿತ್ತು."

"ಮತ್ತ ನಾ ಇಷ್ಟೊತ್ತು ಮಾತಾಡಿದ್ದು?"

ಆಕೆ ಪಲ್ಯದ ಬೇರಿನ ಮಣ್ಣು ಝಾಡಿಸಿದಳು.

"ನಮ್ಮಣ್ಣನ್ನ ಬೈದಿರಿ. ಎರಡು ಮೈಲಿ ನಾ ಎದುರಾಡಿಲ್ಲ. ಅಷ್ಟಕ್ಕರೆ ನಿಮಗ ಸಂಶೆ ಬರಲಿಲ್ಲೇನ್ರಿ?"

ವೆಲ್ಡಿಂಗ್

ಆಕೆ ಹೋದ ಮೇಲಿನ ಮಾತು. ದಾರಿಯಲ್ಲಿ ಜನ ಕೈ ಮಾಡುವರು. ನಾನು ನಿಲ್ಲಿಸುವೆ. "ಕ್ಯಾರಿಯರಿನ ವೆಲ್ಡಿಂಗ್ ಬಿಟ್ಟೈತಿ, ಯಾರಿಗೂ ಕುಂದ್ರಾಕ ಬರಂಗಿಲ್ಲ" ಅನ್ನುವೆ. ಮುಂದೆ ಹೋಗುವೆ. ಹಣಮಪ್ಪನ ಗುಡಿ ಬಂತೆಂದರೆ ಒಬ್ಬನೇ ಇದ್ದರೂ ಇಳಿದು ನಡೆಯುವೆ. ಕಾಲಿಗೆ ರೂಢಿ. ಕಟ್ಟೆಯ ಹಿರಿಯರು ಏನೂ ಕೇಳುತ್ತಿರಲಿಲ್ಲ. ಬೇರೆ ಕಡೆ ನೋಡುತ್ತಿದ್ದರು.

ಒಂದು ಮುಂಜಾನೆ ವೆಲ್ಡಿಂಗ್ ಅಂಗಡಿಯವನು ಮನೆಗೇ ಬಂದ. ಮುಖ ಕೆಂಪಗಿತ್ತು.

"ಅಣ್ಣಾ, ಊರ ತುಂಬ ನನ್ನ ಹೆಸರು ಕೆಟ್ಟೈತಿ. ನಿನ್ನ ಕ್ಯಾರಿಯರ್ ವೆಲ್ಡಿಂಗ್ ಮಾಡಿದಾಂವ ನಾ. ಎಲ್ಲಿ ಬಿಟ್ಟೈತಿ ತೋರಸು."

ನಾನು ತೋರಿಸಲಿಲ್ಲ. ಅವನೇ ಕುಕ್ಕರಗಾಲಲ್ಲಿ ಕುಂತು ನೋಡಿದ. ಎಳೆದ, ಜಗ್ಗಿದ. ಕ್ಯಾರಿಯರ್ ಕಬ್ಬಿಣದಂತೆ ನಿಂತಿತ್ತು. ಕಬ್ಬಿಣವೇ ಅಲ್ಲವೇ. ಅದರ ಮೇಲೆ ಆಕೆ ಹಾಸುತ್ತಿದ್ದ ಕೌದಿಯ ತುಂಡು ಹಾಗೇ ಕಟ್ಟಿತ್ತು. ಅವನು ಅದನ್ನು ನೋಡಿದ. ನನ್ನನ್ನು ನೋಡಿದ. ಚಹಾ ಕುಡಿದು ಎದ್ದು ಹೋದ.

ಸಂಜೆ ಕಟ್ಟೆಯ ಮೇಲೆ ಅವನು ಎಲ್ಲರಿಗೂ ಹೇಳಿದನಂತೆ:

"ಬಿಟ್ಟೈತಿ, ಹೌದು. ಕೂಡಂಗಿಲ್ಲ. ಆದ್ರ ಅದು ನಾ ಮಾಡಿದ ವೆಲ್ಡಿಂಗ್ ಅಲ್ಲ, ಕಂಪನೀದು."

ಮಗ್ಗಲ ಮನೆಯ ಮುದುಕಿ

ನಮ್ಮ ಮಗ್ಗಲ ಮನೆಯಲ್ಲಿ ಒಬ್ಬ ಮುದುಕಿ. ಕಟ್ಟೆಯ ಹಿರಿಯರಿಗಿಂತ ಹಿರಿಯಳು. ಆಕೆಗೂ ನನ್ನ ಹೆಂಡತಿಗೂ ಮಾತಿರಲಿಲ್ಲ. ಕಾರಣ ಹೆಪ್ಪು. ಒಮ್ಮೆ ಮುದುಕಿ ಮೊಸರಿಗೆ ಹೆಪ್ಪು ಕೇಳಲು ಬಂದಾಗ ದೀಪ ಹಚ್ಚಿ ಆಗಿತ್ತು. ದೀಪ ಹಚ್ಚಿದ ಮೇಲೆ ನಮ್ಮಲ್ಲಿ ಹೆಪ್ಪು ಹೊರಗೆ ಕೊಡುವುದಿಲ್ಲ. ಈಕೆ ಕೊಡಲಿಲ್ಲ. ಮುದುಕಿ ಮಾತು ಬಿಟ್ಟಳು. ಆಮೇಲೆ ಏನಾದರೂ ಹೇಳುವುದಿದ್ದರೆ ಇಬ್ಬರೂ ತಮ್ಮ ತಮ್ಮ ಎಮ್ಮೆಗೆ ಹೇಳುವರು. ಗೋಡೆಯಾಚೆ ಕೇಳುತ್ತಿತ್ತು.

ಹೆಂಡತಿ ತೀರಿದ ದಿನ ಮುದುಕಿ ನಮ್ಮ ಅಂಗಳಕ್ಕೆ ಬಂದಿದ್ದಳು. ಒಳಗೆ ಬರಲಿಲ್ಲ. ನಮ್ಮ ಎಮ್ಮೆಗೆ ನೀರಿಟ್ಟು ಹೋದಳು.

ಮೊನ್ನೆ ಆಕೆ ಗೊಳಸಂಗಿಯ ಮಗಳ ಮನೆಯಿಂದ ಬಂದು ಗೇಟಿನ ಹತ್ತಿರ ಬಸ್ಸಿಳಿದಿದ್ದಳು. ನಾನು ಊರಿಗೆ ಹೊರಟಿದ್ದೆ. ಆಕೆ ಕೇಳಲಿಲ್ಲ. ಗಂಟು ಎತ್ತಿಕೊಂಡು ಬಂದು ಕ್ಯಾರಿಯರ್ ಮೇಲೆ ಕುಂತೇ ಬಿಟ್ಟಳು.

"ಎವ್ವಾ, ವೆಲ್ಡಿಂಗ್ ಬಿಟ್ಟೈತಿ," ಅಂದೆ.

"ಗೊತ್ತೈತಿ. ನಾ ಹಗುರ ಅದೇನಿ. ನಡಿ."

ಮುದುಕಿಯನ್ನು ಎಳೆದು ಇಳಿಸಲು ಬರುವುದಿಲ್ಲ. ಪೆಡಲ್ ತುಳಿದೆ. ಸೈಕಲ್ ಭಾರ ಆಯಿತು. ಬಹಳ ದಿನದ ಮೇಲೆ ಭಾರ ಆಯಿತು. ಹಕ್ಕಿ ಇಳಿದಿದ್ದವು.

"ನಿನ್ನ ಹೇಣ್ತಿ ನನಗ ಹೆಪ್ಪು ಕೊಡಲಿಲ್ಲ," ಅಂದಳು ಮುದುಕಿ.

ನಾನು ಹೇಳಿದೆ. ಆ ದಿನ ಆಕೆ ಒಂದು ಬಟ್ಟಲಲ್ಲಿ ಹೆಪ್ಪು ಬೇರೆ ತೆಗೆದಿಟ್ಟಿದ್ದಳು, ಮುಂಜಾನೆ ಕೊಟ್ಟರಾಯಿತು ಅಂತ. ಮುಂಜಾನೆ, ಹೆಪ್ಪು ಒಯ್ಯಲಿ ಅಂತ ನಮ್ಮ ಎಮ್ಮೆಗೆ ಎರಡು ಸಲ ಹೇಳಿದಳು. ನೀ ಬರಲಿಲ್ಲ. ಆಕೆ ಹಟದವಳು, ತಾನೂ ಒಯ್ದು ಕೊಡಲಿಲ್ಲ. ಹೀಗೆ ಹೇಳುತ್ತ ಹೋದೆ. ಹೋಳಿಗೆಯ ಮಾತು ಬಂತು, ಹೊನಗೊನ್ನಿ ಬಂತು. ಆಕೆಯ ಕಡೆಯ ದಿನದ ಮಾತೂ ಬಂತು. ವರ್ಷದಲ್ಲಿ ನಾನು ಅಷ್ಟು ಮಾತಾಡಿದ್ದಿಲ್ಲ.

ತಗ್ಗು ದಾಟಿತು. ಹಿಂದೆ ಸಪ್ಪಳ ಇಲ್ಲ. ಹಿಂದೆ ಕೈ ಆಡಿಸಿದೆ.

"ಅದೇನಿ, ಅದೇನಿ," ಅಂದಳು ಮುದುಕಿ. ಧ್ವನಿ ಒದ್ದೆ ಇತ್ತು. "ಕೇಳಾಕತ್ತೇನಿ. ನೀ ಹೇಳು."

ಹಣಮಪ್ಪನ ಗುಡಿ ಬಂತು. ನಾನು ಬ್ರೇಕ್ ಹಿಡಿದೆ.

"ಎವ್ವಾ, ಗುಡಿ ಬಂತು. ಇಳಿ."

"ನಾ ಯಾಕ ಇಳೀಲಿ? ನಾ ಏನ್ ನಿನ್ನ ಹೇಣ್ತೇನ? ಮನಿ ತನಕ ಹೊಡಿ."

ಹೊಡೆದೆ. ಆ ಗುಡಿಯ ಮುಂದೆ ಹೆಣ್ಣುಮಗಳನ್ನು ಕೂಡಿಸಿಕೊಂಡು ಹೋಗಿದ್ದು ಅದೇ ಮೊದಲು. ಕಟ್ಟೆಯವರೆಲ್ಲ ಬಾಯಿ ತೆರೆದು ನೋಡಿದರು. ಹಿರಿಯರು ಕೋಲು ಊರಿ ಎದ್ದು ನಿಂತರು. ಬೈಯುತ್ತಾರೆ ಅಂದುಕೊಂಡೆ. ಅವರ ಬಾಯಿಗೆ ಬಂದದ್ದು ಹಳೆಯ ಮಾತೇ. ವರ್ಷದಿಂದ ಕೇಳಿರಲಿಲ್ಲ.

"ಏನವಾ, ನಡಕೊಂತ ಬಂದ್ಯಾ?"

ಮುದುಕಿ ಕ್ಯಾರಿಯರ್ ಮೇಲಿಂದ ಇಳಿಯಲಿಲ್ಲ. ಸೆರಗು ಮಾತ್ರ ಸರಿ ಮಾಡಿಕೊಂಡಳು.

"ಹೌದಪಾ ತಮ್ಮಾ, ನಡಕೊಂತನ ಬಂದೆ. ಕಾಲು ಸೋತು ಹೋಗ್ಯಾವ ನೋಡು."