ಫ್ರಿಜ್ಜಿನಲ್ಲಿ ತೀರಿಕೊಂಡ ಹೆಪ್ಪಿನ ಕುರಿತು

ಸಂಖ್ಯೆ: ಬೆಳ್ಳಿ/ಹೆಪ್ಪು/ಫ್ರಿಜ್ಜು-2/17
ಕುವೊಪಿಯೊ, ಮಾರ್ಚ್ 9

ವಿಷಯ: ಉಪಕಾರಿ ಬ್ಯಾಕ್ಟೀರಿಯಾಗಳು ತಯಾರಿಸಿದ ಬೆಳ್ಳಿಯ ಸೂಕ್ಷ್ಮ ಕಣಗಳು ಅದೇ ಬ್ಯಾಕ್ಟೀರಿಯಾಗಳನ್ನು ಕೊಂದಿರುವ ಬಗ್ಗೆ.

ಉಲ್ಲೇಖ: (ಅ) ಸೋಮವಾರ ಬೆಳಿಗ್ಗೆ ಪಾತ್ರೆ ತೊಳೆಯುವ ಸಹಾಯಕಿ ಸೈಮಿ ಕೊಕ್ಕೊ ಅವರು ಫ್ರಿಜ್ಜು ಒರೆಸಿ, ಒಳಗಿದ್ದ ಪ್ರತಿ ಬಟ್ಟಲಿಗೂ ಸದರಿ ಕಣಗಳು ಬೆರೆತ ಬೆಳ್ಳಿನೀರು ಚಿಮುಕಿಸಿದ್ದು. (ಆ) ಹಾಗೆಯೇ ಮಾಡತಕ್ಕದ್ದೆಂದು ಈ ಕಚೇರಿ ಶುಕ್ರವಾರ ಹೊರಡಿಸಿದ್ದ ಆದೇಶ (ಸದರಿ ಆದೇಶ ಈಗ ಸಿಗುತ್ತಿಲ್ಲ).

ಸಹಾಯಕಿಯ ಅಜ್ಜಿ ಮದುವೆಯಾದಾಗ ತವರಿನಿಂದ ತಂದು, ಅಂದಿನಿಂದ ಚಮಚ ಚಮಚವಾಗಿ ಉಳಿಸಿಕೊಂಡು ಬಂದ ವೀಲಿ ಎಂಬ ಈ ನಾಡಿನ ಲೋಳೆ ಮೊಸರಿನ ಹೆಪ್ಪಿನ ಬ್ಯಾಕ್ಟೀರಿಯಾಗಳಿಂದಲೇ ಇಲಾಖೆಯು ಗಾಯದ ಪಟ್ಟಿಗೆ ಸವರುವ ಬೆಳ್ಳಿಕಣಗಳನ್ನು ಪಡೆಯುತ್ತಿತ್ತು. ಹೆಪ್ಪು ಸತ್ತಿದೆ. ಆದ್ದರಿಂದ ಎಲ್ಲರ ಗಮನಕ್ಕೆ:

1. ಬೆಳ್ಳಿಕಣಗಳು ಇನ್ನು ಮುಂದೆ ಅಪಕಾರಿ ಬ್ಯಾಕ್ಟೀರಿಯಾಗಳನ್ನು ಮಾತ್ರ ಕೊಲ್ಲತಕ್ಕದ್ದು. ಹೆತ್ತವರ ಮೇಲೆ ಕೈಮಾಡುವ ಕಣಗಳ ವಿರುದ್ಧ ಶಿಸ್ತುಕ್ರಮ ಜರುಗಿಸಲಾಗುವುದು.

2. ಉಪಕಾರಿ ಬ್ಯಾಕ್ಟೀರಿಯಾಗಳು ಗುರುತಿನ ಚೀಟಿ ಧರಿಸತಕ್ಕದ್ದು. ಚೀಟಿಯ ಅಳತೆ ನಿಗದಿಪಡಿಸಲು ಮೂವರ ಸಮಿತಿ ರಚಿಸಲಾಗಿದೆ. ಸಮಿತಿಗೆ ಸೂಕ್ಷ್ಮದರ್ಶಕ ಮಂಜೂರಾಗಿಲ್ಲ.

3. ಘಟನೆಯ ದಿನ ತಂತ್ರಜ್ಞ ಉರ್ಪೊ ಅವರು, "ಏನಮ್ಮಾ ಸೈಮಿ, ಒಳಗೊಂದು ನರಪಿಳ್ಳೆನೂ ಉಳಿದಿಲ್ವಲ್ಲೇ!" ಎಂದು ನಕ್ಕಿದ್ದೂ, ಸಹಾಯಕಿ "ಒರೆಸು ಅಂದೋರು ನೀವೇ ಅಲ್ವಾ?" ಎಂದಿದ್ದೂ ದಾಖಲಾಗಿದೆ. ನಗು ಕಾಫಿ ವಿರಾಮದೊಳಗೆ ಬಂದಿದ್ದರಿಂದ ಕ್ರಮಬದ್ಧ. ಪ್ರಶ್ನೆ ಮೇಲಧಿಕಾರಿಗಳ ಮೂಲಕ ಬಾರದ್ದರಿಂದ ಅಸಿಂಧು.

4. ಹೆಪ್ಪಿನ ಮೂಲ ಪ್ರತಿಯನ್ನು ಮಾತ್ರ ಸ್ವೀಕರಿಸುವುದು ನಿಯಮ. ಮನೆಯಲ್ಲೊಂದು ಚಮಚ ಉಳಿಸಿಕೊಳ್ಳುವುದು ಈ ನಾಡಿನ ಅಡುಗೆಮನೆಗಳ ಪದ್ಧತಿಯಾದರೂ, ಅದು ಅನಧಿಕೃತ ನಕಲಾಗುವುದರಿಂದ ಕಳೆದ ವಾರ ಅದನ್ನೂ ಸಹಾಯಕಿಯಿಂದ ವಶಪಡಿಸಿಕೊಂಡು ಇದೇ ಫ್ರಿಜ್ಜಿನಲ್ಲಿ ಸುರಕ್ಷಿತವಾಗಿ ಇಡಲಾಗಿತ್ತು. ಕ್ರಮದಲ್ಲಿ ಯಾವ ಲೋಪವೂ ಕಂಡುಬಂದಿಲ್ಲ.

5. ಸತ್ತ ಹೆಪ್ಪು ಕಚೇರಿಯ ಸ್ವತ್ತಾಗಿ ಮುಂದುವರಿಯುತ್ತದೆ. ಪ್ರತಿ ಬುಧವಾರ ಅದರ ಆರೋಗ್ಯ ವಿಚಾರಿಸಿ ಸಹಿ ಹಾಕತಕ್ಕದ್ದು.

ಸಹಿ/- (ಅಸ್ಪಷ್ಟ)
ವಿಭಾಗದ ಮುಖ್ಯಸ್ಥರ ಪರವಾಗಿ
(ಮುಖ್ಯಸ್ಥರು ಹಿಮದಲ್ಲಿ ಜಾರುವ ರಜೆಯಲ್ಲಿದ್ದಾರೆ)

ಪ್ರತಿಗಳು:
ಫ್ರಿಜ್ಜಿನ ಬಾಗಿಲಿನ ಒಳಭಾಗಕ್ಕೆ, ಬೆಳ್ಳಿಕಣಗಳ ಅವಗಾಹನೆಗಾಗಿ, ಅತಿ ಸಣ್ಣ ಅಕ್ಷರಗಳಲ್ಲಿ.
ಸೌನಾ ಹಬೆಸ್ನಾನದ ಸರದಿ ಸಮಿತಿಗೆ. ಸಂಬಂಧವಿಲ್ಲ, ಆದರೂ.
ಕಡತಕ್ಕೆ, ಸೈಮಿ ಕೊಕ್ಕೊ ಅವರ ಅರ್ಜಿಯೊಂದಿಗೆ. ಅರ್ಜಿಯ ಪೂರ್ಣ ಪಾಠ: "ಮನೆಯಲ್ಲಿ ಹೆಪ್ಪಿಲ್ಲ. ಅಜ್ಜಿಗೆ ಇನ್ನೂ ಹೇಳಿಲ್ಲ. ಎಲ್ಲಾದರೂ ಒಂದು ಚಮಚ ಉಳಿದಿದ್ದರೆ ಕೊಡಿ."